ಹೊನ್ನಿನ ರೂಪಕ, ಮಾರಿಕುಪ್ಪಂನ ಸಾಕ್ಷಿ

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಹೊತ್ತಿದ್ದ ಊರು ಮುಂದೆ ಬಂಗಾರದ ಪೇಟೆಯಾಯಿತು. ಆದರೆ ಬಂಗಾರ ಸಿಗುತ್ತಿದ್ದದ್ದು ಆ ಪೇಟೆಯಲ್ಲಲ್ಲ. ಅಲ್ಲಿಂದ ಕವಲೊಡೆದ ರೈಲುಹಳಿ ಉರಿಗಾಂ, ಚಾಂಪಿಯನ್ ರೀಫ್ಸ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಬಂಗಾರ ಸಿಗುತ್ತಿದ್ದದ್ದು ಈ ಊರುಗಳ ನೆಲದಡಿಯಲ್ಲಿ. ಅಗೆದ ಊರಿನ ಹೆಸರಿನಲ್ಲಿ ಬಂಗಾರವಿಲ್ಲ, ರೈಲು ಬದಲಿಸುವ ಊರಿನ ಹೆಸರಿನಲ್ಲಿದೆ. ಸಾಹಿತ್ಯದಲ್ಲೂ ಧರ್ಮದಲ್ಲೂ ಚಿನ್ನದ ರೂಪಕಕ್ಕೆ ಆಗಿರುವುದು ಹೆಚ್ಚುಕಡಿಮೆ ಇದೇ. ಕವಿಗಳು ಚಿನ್ನವನ್ನು ಕಂಡದ್ದು ಕೊರಳಲ್ಲಿ, ಕಿರೀಟದಲ್ಲಿ, ಕಳಸದಲ್ಲಿ. ದಾರ್ಶನಿಕರು ಕಂಡದ್ದು ಅಕ್ಕಸಾಲಿಗನ ಮೂಸೆಯಲ್ಲಿ. ಅದು ಹೊರಟ ಜಾಗಕ್ಕೆ ಹೋಗಿ ನೋಡಿದವರು ತೀರ ಕಡಿಮೆ. ಹಾಗೆ ನೋಡಿದರೆ ರೂಪಕದ ಅರ್ಥವೇ ಮಗುಚಿಬೀಳುತ್ತದೆ ಎಂಬುದು ಈ ಬರಹದ ವಾದ.

ರೂಪಕದ ಬುಡದಲ್ಲಿರುವ ತರ್ಕ ಸರಳವಾದದ್ದು. ಕಬ್ಬಿಣ ತುಕ್ಕು ಹಿಡಿಯುತ್ತದೆ, ತಾಮ್ರ ಕಿಲುಬುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಚಿನ್ನ ಮಾತ್ರ ಇದ್ದ ಹಾಗೇ ಇರುತ್ತದೆ. ಕೆಡದಿರುವುದು ಯಾವುದೋ ಅದೇ ಬೆಲೆಯುಳ್ಳದ್ದು ಎಂದು ಮನುಷ್ಯ ತೀರ್ಮಾನಿಸಿದ. ನಮ್ಮ ಮಾತಿನಲ್ಲಿ ಒಳ್ಳೆಯ ಮಗು ಚಿನ್ನದಂಥದ್ದು, ಕಷ್ಟ ದಾಟಿ ಬಂದವನು ಪುಟಕ್ಕಿಟ್ಟವನು, ಕಲಬೆರಕೆಯಿಲ್ಲದ ಮನಸ್ಸು ಅಪರಂಜಿ. ಹತ್ತನೆಯ ಶತಮಾನದ ಮಹಾಕವಿ ಪೊನ್ನನ ಹೆಸರಿನಲ್ಲೇ ಹಳಗನ್ನಡದ ಪೊನ್ ಇದೆ. ಬಳೆ, ಸರ, ಉಂಗುರಗಳ ಹೆಸರೂ ಆಕಾರವೂ ಬೇರೆ, ಒಳಗಿನ ಚಿನ್ನ ಒಂದೇ ಎಂಬ ದೃಷ್ಟಾಂತವಿಲ್ಲದೆ ಅದ್ವೈತದ ಪಾಠ ಮುಗಿಯುವುದಿಲ್ಲ. ಈಶೋಪನಿಷತ್ತು ಮಾತ್ರ ಇಲ್ಲಿ ಎಚ್ಚರದಿಂದಿದೆ: ಸತ್ಯವನ್ನು ಮರೆಮಾಡುವ ಮುಚ್ಚಳಕ್ಕೆ ಅದು ಹೊನ್ನಿನ ಹೊಳಪನ್ನೇ ಕೊಟ್ಟಿದೆ. ಆ ಎಚ್ಚರವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬೇಕು. ಕೆಡದಿರುವುದು ಒಂದು ಲೋಹದ ಗುಣ, ಅಷ್ಟೆ. ಅದನ್ನು ಮೌಲ್ಯದ ಗುರುತೆಂದು ಓದಿದ್ದು ನಮ್ಮ ತಪ್ಪು. ಅಮೂಲ್ಯವಾದವೆಲ್ಲ ಕೆಡಬಲ್ಲವು, ಕಳೆದುಹೋಗಬಲ್ಲವು, ಒಮ್ಮೆ ಹೋದರೆ ಮರಳಿ ಬಾರದವು. ಚಿನ್ನ ಕರಗಿಸಿದರೂ ಚಿನ್ನವೇ, ಉಸಿರು ಹಾಗಲ್ಲ.

ಈ ಮಾತನ್ನು ಪ್ರಾಚೀನ ಚೀನಾದ ಕಾವ್ಯ ನಮಗಿಂತ ನೇರವಾಗಿ ಆಡಿದೆ. ಚೀನೀ ಭಾಷೆಯಲ್ಲಿ ಚಿನ್ನಕ್ಕೂ ಲೋಹಕ್ಕೂ ಒಂದೇ ಅಕ್ಷರ. ಅವರ ಪಂಚತತ್ತ್ವಗಳಲ್ಲಿ ಲೋಹತತ್ತ್ವ ಪಡುವಣ ದಿಕ್ಕಿಗೆ, ಶರತ್ಕಾಲಕ್ಕೆ, ಬಿಳಿಯ ಬಣ್ಣಕ್ಕೆ ಸೇರಿದ್ದು. ಹಾಗಾಗಿ ಎಲೆ ಉದುರಿಸುವ ಶರತ್ಕಾಲದ ಗಾಳಿಗೆ ಅಲ್ಲಿ ‘ಚಿನ್ನದ ಗಾಳಿ’ ಎಂಬ ಹೆಸರಿದೆ. ನಮ್ಮಲ್ಲಿ ನಿತ್ಯತೆಯನ್ನು ಸೂಚಿಸುವ ಪದ ಅಲ್ಲಿ ಉದುರುವ ಕಾಲವನ್ನೂ ಸೂಚಿಸುತ್ತದೆ. ಮನೆ ತುಂಬ ಕೂಡಿಟ್ಟ ಚಿನ್ನವನ್ನು ಕಾಯಬಲ್ಲವರಿಲ್ಲ ಎಂಬ ವಿವೇಕ ಲಾವೋತ್ಸೆಯ ಕೃತಿಯಲ್ಲೇ ಇದೆ. ತಾಂಗ್ ರಾಜರ ಕಾಲದ ಗಾಯಕಿ ದು ಚಿಯುನಿಯಾಂಗ್ ಹೆಸರಿನೊಂದಿಗೆ ಬೆಸೆದುಕೊಂಡ ಪುಟ್ಟ ಕವಿತೆಯೊಂದು ತಾಂಗ್ ಕಾಲದ ಮುನ್ನೂರು ಕವಿತೆಗಳ ಪ್ರಸಿದ್ಧ ಸಂಕಲನದಲ್ಲಿ ಸೇರಿದೆ. ಚಿನ್ನದೆಳೆಯ ಉಡುಪಿನ ಮೇಲಿನ ಮೋಹ ಬಿಟ್ಟು ಹರೆಯದ ದಿನಗಳನ್ನು ಅರಿತು ಬಾಳು ಎಂಬುದು ಅದರ ತಿರುಳು. ಅಲ್ಲಿನ ತರ್ಕ ಗಮನಿಸಬೇಕು. ಉಡುಪು ಉಳಿಯುತ್ತದೆ, ಹರೆಯ ಉಳಿಯುವುದಿಲ್ಲ. ಆದ್ದರಿಂದಲೇ ಹರೆಯಕ್ಕೆ ಬೆಲೆ ಹೆಚ್ಚು. ಚಿನ್ನವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆಯಲ್ಲಿರುವುದು ಎಷ್ಟು ಭಾರವೆಂದು ತೋರಿಸಲು ಕವಿತೆ ಅದನ್ನು ಬಳಸಿದೆ.

ಅದೇ ಕಾಲದ ಕವಿ ಲಿಯು ಯೂಶಿ (772–842) ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಅಧಿಕಾರಿಯಾಗಿದ್ದು ರಾಜಕೀಯದಲ್ಲಿ ಸೋತು ದೂರದ ಪ್ರಾಂತ್ಯಗಳಿಗೆ ಅಟ್ಟಿಸಿಕೊಂಡವನು. ಅಲೆಗಳು ಮರಳು ತೊಳೆಯುವುದನ್ನು ಕುರಿತ ಅವನದೊಂದು ಒಂಬತ್ತು ಹಾಡುಗಳ ಮಾಲೆಯಿದೆ. ಅದರಲ್ಲಿ ಒಂದು ಹಾಡು ಎಲ್ಲರಿಗೂ ಪ್ರಿಯವಾದದ್ದು. ಚಾಡಿಮಾತಿಗೆ ಸಿಕ್ಕ ಸಜ್ಜನ, ಸಾವಿರ ಸಲ ಜಾಲಿಸಿದ ಮರಳಿನಿಂದ ಹೊರಬರುವ ಚಿನ್ನದ ಹಾಗೆ ಎಂಬ ಸಾಂತ್ವನ ಅದರಲ್ಲಿದೆ. ನಮ್ಮ ಪುಟಕ್ಕಿಟ್ಟ ಚಿನ್ನದ ಮಾತಿಗೆ ಅದು ಸೋದರ. ಮಾಲೆಯ ಇನ್ನೊಂದು ಹಾಡು ಅಷ್ಟು ಪ್ರಸಿದ್ಧವಲ್ಲ. ಮಂಜು ಕರಗಿದ ಹೊಳೆಯ ತಿರುವಿನಲ್ಲಿ ಗುಂಪುಗೂಡಿ ಚಿನ್ನ ತೊಳೆಯುತ್ತಿರುವ ಹೆಂಗಸರನ್ನು ಅದು ತೋರಿಸುತ್ತದೆ. ಚೆಲುವೆಯರ ಒಡವೆಗೂ ಅರಸರ ಮುದ್ರೆಗೂ ಮೂಲ ಈ ಮರಳೇ, ಈ ಅಲೆಯ ತಳವೇ ಎಂದು ನೆನಪಿಸುತ್ತದೆ. ಕವಿಗೆ ಗಣಿಯ ಲೆಕ್ಕ ಯಾಕೆ, ರೂಪಕಕ್ಕೆ ಅದರದೇ ಸ್ವಾತಂತ್ರ್ಯ ಬೇಡವೇ ಎಂದು ಆಕ್ಷೇಪಿಸುವವರಿಗೆ ಈ ಎರಡು ಹಾಡುಗಳ ಜೋಡಿಯೇ ಉತ್ತರ. ತೊಳೆಯುವ ಕೈಗಳನ್ನು ನೋಡಿದ್ದರಿಂದ ಅವನ ರೂಪಕ ಬಡವಾಗಲಿಲ್ಲ. ಮರಳಿನ ಭಾರ ಬಲ್ಲವನ ಬಾಯಲ್ಲಿ ಬಂದದ್ದಕ್ಕೇ ಆ ಸಾಂತ್ವನಕ್ಕೆ ತೂಕವಿದೆ.

ಸುಮಾರು ಸಾವಿರ ವರ್ಷಗಳ ನಂತರ ಅಂಥದೇ ನೋಟ ಮಾರಿಕುಪ್ಪಂನಲ್ಲಿ ದಾಖಲಾಯಿತು. ಟಿಪ್ಪು ಮಡಿದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕೇಳಿ ಹುಡುಕಿಕೊಂಡು ಬಂದ. ಹಳ್ಳಿಯ ಬಡಜನ ಬಾವಿಯಂಥ ಗುಂಡಿಗಳಿಗಿಳಿದು ಕಲ್ಲು ಒಡೆದು ಬುಟ್ಟಿಗಳಲ್ಲಿ ಮೇಲಕ್ಕೆ ದಾಟಿಸುತ್ತಿದ್ದರು. ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆದು ಚಿನ್ನದ ಕಣ ಬೇರ್ಪಡಿಸುತ್ತಿದ್ದರು. ವಾರನ್ನನ ವರದಿ ಓದಿ ಪ್ರೇರಿತನಾದ ಐರಿಷ್ ಸೈನಿಕ ಲವೆಲ್ 1870ರ ದಶಕದಲ್ಲಿ ಗಣಿಗಾರಿಕೆಗೆ ಅಪ್ಪಣೆ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿ ತಲುಪಿತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ. 1956ರಲ್ಲಿ ಗಣಿಗಳು ಮೈಸೂರು ರಾಜ್ಯಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಡೆತನ ಕೈಯಿಂದ ಕೈಗೆ ಹೋದಾಗಲೂ ಕೆಳಗಿಳಿದವರು ಬದಲಾಗಲಿಲ್ಲ. ಬಹುಪಾಲು ಅವರು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು, ಜೊತೆಗೆ ತೆಲುಗು, ಕನ್ನಡ ಮಾತಾಡುವ ಬಡವರು.

ಈ ನೂರಿಪ್ಪತ್ತು ವರ್ಷಗಳ ಲೆಕ್ಕವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಮಾರಿಕುಪ್ಪಂ ಸೇರಿದ ಕೋಲಾರದ ಚಿನ್ನದ ಗಣಿಗಳು, ಅಂದರೆ ಕೆಜಿಎಫ್, ಕೊಟ್ಟ ಚಿನ್ನ ಸುಮಾರು 800 ಟನ್ ಎನ್ನುತ್ತಾರೆ. ಚಿನ್ನದ ಸಾಂದ್ರತೆಯಿಂದ ಭಾಗಿಸಿ ನೋಡಿದರೆ ಅಷ್ಟೂ ಚಿನ್ನವನ್ನು ಹನ್ನೊಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದೇ ಕೋಣೆಯಲ್ಲಿ ಇಟ್ಟುಬಿಡಬಹುದು. ಆ ಒಂದು ಕೋಣೆ ತುಂಬಿಸಲು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ತಳದ ಬಂಡೆ ಮುಟ್ಟಲಾಗದಷ್ಟು ಕಾದಿರುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ಧೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತವರಿದ್ದಾರೆ. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಮೂರು ಗ್ರಾಂ ಆಸುಪಾಸು ಚಿನ್ನ ಸಿಗುತ್ತಿತ್ತು. ಉಳಿದದ್ದೆಲ್ಲ ಹಿಟ್ಟಿನಂಥ ಧೂಳಾಗಿ ಊರಿನ ನಡುವೆ ಗುಡ್ಡಗಳಾಗಿ ನಿಂತಿದೆ. ಮೂರು ಕೋಟಿ ಟನ್‌ಗೂ ಹೆಚ್ಚು ತೂಕದ ಆ ದಿಬ್ಬಗಳನ್ನು ಜನ ಸೈನೈಡ್ ಗುಡ್ಡ ಎನ್ನುತ್ತಾರೆ. ಲಿಯು ಯೂಶಿಯ ಹಾಡಿನಲ್ಲಿ ಮರಳು ಹೋಗಿ ಚಿನ್ನ ಉಳಿಯಿತು. ಮಾರಿಕುಪ್ಪಂನಲ್ಲಿ ಚಿನ್ನ ಹೋಯಿತು, ಮರಳು ಉಳಿಯಿತು. ಲೋಹ ಹೊಸದರಂತೆ ಎಲ್ಲೋ ಯಾರದೋ ಕೊರಳಲ್ಲಿ ಹೊಳೆಯುತ್ತಿದೆ. ಅದನ್ನು ಮೇಲೆ ತಂದ ದೇಹಗಳು ಮಣ್ಣಾಗಿವೆ. ಕೆಡದ ವಸ್ತುವಿಗೆ ಕೆಡುವ ಜೀವವನ್ನು ಬೆಲೆಯಾಗಿ ತೆತ್ತಿರುವಾಗ, ಈ ಎರಡರಲ್ಲಿ ದುಬಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಆ ವ್ಯಾಪಾರದಲ್ಲೇ ಇದೆ. ಕೊಟ್ಟದ್ದನ್ನು ಮರಳಿ ಪಡೆಯುವ ದಾರಿಯಿಲ್ಲ.

ನಮ್ಮ ಧರ್ಮಚಿಂತನೆಯಲ್ಲಿ ಈ ಪ್ರಶ್ನೆಯನ್ನು ದುಡಿಯುವವರ ಕಣ್ಣಿನಿಂದ ಎತ್ತಿದವರು ಹನ್ನೆರಡನೆಯ ಶತಮಾನದ ಶರಣರು. ಅಲ್ಲಮಪ್ರಭು ಹೊನ್ನು, ಹೆಣ್ಣು, ಮಣ್ಣುಗಳನ್ನು ಮಾಯೆಯೆಂಬ ಆಪಾದನೆಯಿಂದ ಬಿಡಿಸಿದರು. ದೋಷ ವಸ್ತುವಿನದಲ್ಲ, ಅದರತ್ತ ಚಾಚುವ ಹಂಬಲದ್ದು ಎಂದರು. ಬಸವಣ್ಣನವರು ಕಳಸದ ಹೊನ್ನನ್ನು ಗುಡಿಯ ಶಿಖರದಿಂದ ಇಳಿಸಿ ಮನುಷ್ಯನ ತಲೆಗೆ ತಂದಿಟ್ಟರು. ಆದರೆ ಈ ವಾದಕ್ಕೆ ಎಲ್ಲರಿಗಿಂತ ಹತ್ತಿರವಾದವಳು ಸತ್ಯಕ್ಕ. ಶಿರಾಳಕೊಪ್ಪದ ಬಳಿಯ ಜಂಬೂರಿನವಳು, ಕಸ ಗುಡಿಸುವುದು ಅವಳ ಕಾಯಕ. ದಾರಿಯಲ್ಲಿ ಬಿದ್ದ ಹೊನ್ನನ್ನೂ ಬಟ್ಟೆಯನ್ನೂ ಮುಟ್ಟೆನೆಂದು ಅವಳು ಆಣೆಯಿಟ್ಟಿದ್ದಾಳೆ. ಅರಮನೆಯಲ್ಲಿ ಕುಳಿತವರು ಚಿನ್ನ ಬೇಡವೆನ್ನುವುದಕ್ಕೂ ದಿನವೂ ಬೀದಿಯ ನೆಲ ನೋಡುತ್ತ ಬಗ್ಗಿ ದುಡಿಯುವವಳು ಬೇಡವೆನ್ನುವುದಕ್ಕೂ ಬಹಳ ಅಂತರವಿದೆ. ಅಂಥ ಕೈಗಳ ಪ್ರಾಮಾಣಿಕತೆಯನ್ನು ಲೋಕ ನಂಬುವುದಿಲ್ಲ. ಕೆಜಿಎಫ್‌ನಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕರ ಮೈ ತಡಕಿ ಶೋಧಿಸುತ್ತಿದ್ದರು. ಚಿನ್ನದ ಹತ್ತಿರ ಹೋದಷ್ಟೂ ಬಡವನ ಮೇಲೆ ಸಂಶಯ ಹೆಚ್ಚುತ್ತದೆ. ದೂರದಲ್ಲಿ ಅದನ್ನು ಧರಿಸುವವನಿಗೆ ಮರ್ಯಾದೆ ಹೆಚ್ಚುತ್ತದೆ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕ್ರಮ ಬಂದಾಗ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ತಮ್ಮನ್ನು ಅಪರಾಧಿಗಳ ಹಾಗೆ ಕಾಣಬಾರದೆಂಬ ಆ ಹಟ ಸತ್ಯಕ್ಕನ ಆಣೆಯ ನೆಂಟ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಧರ್ಮದ ಕೆಲಸವೇ ನಿತ್ಯ ಯಾವುದು, ಅನಿತ್ಯ ಯಾವುದು ಎಂದು ಬೇರ್ಪಡಿಸಿ ನಿತ್ಯದ ಕಡೆ ತಿರುಗಿಸುವುದು. ಅಳಿಯುವುದೇ ಅಮೂಲ್ಯ ಎಂದರೆ ಆ ವಿವೇಕವನ್ನು ಬುಡಮೇಲು ಮಾಡಿದಂತಾಗಲಿಲ್ಲವೇ? ಆಗಲಿಲ್ಲ. ಜ್ಞಾನಿಗಳು ಹೇಳುವ ನಿತ್ಯ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂಥದ್ದಲ್ಲ. ಬಸವಣ್ಣನವರು ಅದನ್ನು ನಿಂತ ಕಟ್ಟಡದಲ್ಲಿ ಕಾಣದೆ ನಡೆದಾಡುವ ಜೀವದಲ್ಲಿ ಕಂಡರು. ಚಿನ್ನ ನಿತ್ಯದ ಅಣಕ. ನಿತ್ಯವನ್ನು ಹುಡುಕುವವನಿಗೆ ಅದು ಸುಲಭದ ಬದಲಿ ಸಾಮಾನು ಕೊಟ್ಟು ಸಮಾಧಾನಪಡಿಸುತ್ತದೆ. ಚಿನ್ನದ ಈ ನಿತ್ಯತೆಯನ್ನು ಒರೆಗೆ ಹಚ್ಚುವ ಪ್ರಯತ್ನವೂ ಕೆಜಿಎಫ್‌ನಲ್ಲೇ ನಡೆದದ್ದು ಅಚ್ಚರಿಯ ಸಂಗತಿ. 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಸಹೋದ್ಯೋಗಿಗಳ ಜೊತೆ ಇದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಕುಳಿತು ಪ್ರೋಟಾನ್ ನಶಿಸುತ್ತದೆಯೇ ಎಂದು ಕಾದು ನೋಡಿದರು. ಪ್ರೋಟಾನ್ ನಶಿಸುವುದಾದರೆ ಚಿನ್ನವೂ ಸೇರಿದಂತೆ ಯಾವ ವಸ್ತುವೂ ಶಾಶ್ವತವಲ್ಲ. ದೃಢವಾದ ಸಾಕ್ಷಿ ಈವರೆಗೆ ಎಲ್ಲೂ ಸಿಕ್ಕಿಲ್ಲ. ಆದರೂ ಚಿನ್ನ ತೆಗೆಯಲೆಂದು ಕೊರೆದ ಕತ್ತಲಿನಲ್ಲಿ ಮನುಷ್ಯ ಇಂಥ ಪ್ರಶ್ನೆ ಕೇಳಿದ್ದು ಆ ಕೋಣೆ ತುಂಬ ಚಿನ್ನಕ್ಕಿಂತ ದೊಡ್ಡ ಸಂಪತ್ತು.

ಎರಡನೆಯ ಆಕ್ಷೇಪ ಗಣಿಯ ಮಕ್ಕಳ ಪರವಾಗಿಯೇ ಬರುತ್ತದೆ. ಜಮೀನ್ದಾರರ ಕೈಕೆಳಗೆ ಜೀತದಂಥ ಬಾಳು ಸಾಗಿಸುತ್ತಿದ್ದ ದಲಿತರಿಗೆ ಕೆಜಿಎಫ್ ನಗದು ಕೂಲಿ ಕೊಟ್ಟಿತು, ಶಾಲೆ ತೋರಿಸಿತು, ಸಂಘಟನೆ ಕಲಿಸಿತು. ಹಾಗಿರುವಾಗ ಚಿನ್ನವನ್ನು ಶಾಪವೆನ್ನುವುದು ಸರಿಯೇ? ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಅವರು ಆ ಕೂಲಿಯಿಂದ ಏನನ್ನು ಕಟ್ಟಿಕೊಂಡರು ಎಂಬುದನ್ನು ನೋಡಬೇಕು. ಪಂಡಿತ ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಸ್ಥಾಪಿಸಿದರು. ಅದರ ಶಾಖೆ ಮಾರಿಕುಪ್ಪಂನಲ್ಲಿ ತೆರೆಯಿತು. ಬಾಬಾಸಾಹೇಬ್ ಅಂಬೇಡ್ಕರರ ಬೌದ್ಧ ದೀಕ್ಷೆಗೆ ಸುಮಾರು ಅರ್ಧ ಶತಮಾನ ಮೊದಲೇ ಗಣಿಯ ಕೂಲಿಗಳು ಬುದ್ಧನಿಗೆ ಶರಣಾಗಿದ್ದರು. 1907ರಲ್ಲಿ ಅಯೋತಿ ದಾಸರು ಆರಂಭಿಸಿದ ಪತ್ರಿಕೆಯ ಹೆಸರು ‘ಒರು ಪೈಸಾ ತಮಿಳನ್’. ಅದರ ಬೆಲೆ ಹೆಸರಿನಲ್ಲೇ ಇತ್ತು. ಅವರು ತೀರಿಕೊಂಡ ಮೇಲೆ, 1920ರ ದಶಕದಲ್ಲಿ, ಅದಕ್ಕೆ ಮರುಜೀವ ಕೊಟ್ಟು ಹೊರತಂದವರು ಕೆಜಿಎಫ್‌ನ ಬೌದ್ಧರು. ಹುಟ್ಟಿನಿಂದ ಯಾರೂ ಕೀಳಲ್ಲವೆಂಬ ಅರಿವನ್ನು ಅವರು ತಮ್ಮ ಸಂಪಾದನೆಯೆಂದು ಬಗೆದರು. ನೆಲದಡಿಯಿಂದ ಟನ್ನುಗಟ್ಟಲೆ ಚಿನ್ನ ತೆಗೆದವರು ತಮಗಾಗಿ ಬಯಸಿದ್ದು ಒಂದು ಪೈಸೆಯ ಪತ್ರಿಕೆಯಲ್ಲಿ ಸಿಗುವ ಘನತೆಯನ್ನು. ಗಣಿ ಕೊಟ್ಟ ನಿಜವಾದ ಲಾಭ ಇದಾದರೆ, ಅದು ಚಿನ್ನದ ಪರವಾದ ಸಾಕ್ಷಿಯಲ್ಲ, ಮನುಷ್ಯರ ಪರವಾದದ್ದು.

ಇದೇ ಮಾತು ರಾಯಚೂರು ಸೀಮೆಯಲ್ಲೂ ನಿಲ್ಲುತ್ತದೆ. ಇಂದು ನಾಡಿನ ಚಿನ್ನ ಹೊರಬರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದ ಮಾರಯ್ಯ, ಲಕ್ಕಮ್ಮ ದಂಪತಿಯ ಅಮರೇಶ್ವರವೂ ಅದೇ ತಾಲ್ಲೂಕಿನಲ್ಲಿದೆ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಅಲ್ಲಿಂದ ಅನತಿದೂರದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕಿದ್ದು ಅಶೋಕನ ಶಾಸನ. ಅಶೋಕನ ಹೆಸರನ್ನೇ ಹೇಳಿ ಇತಿಹಾಸದ ಒಗಟು ಬಿಡಿಸಿದ ಆ ಶಾಸನ, ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂದು ಸಾರುತ್ತದೆ. ಬೀಡನ್ ಹುಡುಕಿದ ಅದಿರನ್ನು ಇಂದು ಯಾರೂ ನೆನೆಯುವುದಿಲ್ಲ, ಶಾಸನವನ್ನು ಶಾಲೆಯ ಮಕ್ಕಳೂ ಬಲ್ಲರು.

ಮೂರನೆಯ ಆಕ್ಷೇಪ ಮನೆಯೊಳಗಿನದು, ಆದ್ದರಿಂದ ಹೆಚ್ಚು ಬಲವಾದದ್ದು. ಹೆಣ್ಣುಮಗಳಿಗೆ ಹೊಲ ಬರೆದುಕೊಡದ ಸಮಾಜದಲ್ಲಿ ಅವಳ ಕೈಗೆ ಬರುವ ಆಸ್ತಿ ಎರಡೆಳೆ ಸರ, ಒಂದು ಜೊತೆ ಓಲೆ. ಗಂಡ ಹಾಸಿಗೆ ಹಿಡಿದಾಗ, ಮಗನ ಕಾಲೇಜಿನ ಫೀಸು ಕಟ್ಟುವಾಗ ಅವಳು ಅದನ್ನು ಅಡವಿಡುತ್ತಾಳೆ. ಅವಳ ಚಿನ್ನವನ್ನು ವ್ಯಾಮೋಹವೆಂದು ಹಳಿಯುವುದು ಅನ್ಯಾಯ. ಆದರೆ ಅವಳಿಗೆ ಬೇಕಾದದ್ದು ಏನು? ಆಪತ್ತಿನಲ್ಲಿ ಕೈಬಿಡದ ಆಸರೆ. ಬಂಧುವೂ ಬ್ಯಾಂಕೂ ಆಸ್ಪತ್ರೆಯೂ ಆ ಆಸರೆ ಕೊಡದಿದ್ದಾಗ ಚಿನ್ನ ಅವರ ಜಾಗದಲ್ಲಿ ನಿಲ್ಲುತ್ತದೆ. ಲೋಕದಲ್ಲೂ ಹೀಗೆಯೇ: ಯುದ್ಧದ ಸುದ್ದಿ ಬಂದಾಗ, ನೋಟಿನ ಮೇಲಿನ ನಂಬಿಕೆ ಅಲುಗಿದಾಗ ಚಿನ್ನದ ದರ ಏರುತ್ತದೆ. ಹಾಗಾದರೆ ಆ ದರ ಅಳೆಯುವುದು ನಮ್ಮ ಒಳಿತನ್ನಲ್ಲ, ನಮ್ಮ ಭಯವನ್ನು. ಕೆಜಿಎಫ್‌ನ ಗಣಿ ನಷ್ಟದ ಕಾರಣಕ್ಕೆ ಮುಚ್ಚಿತು; ಆಮೇಲಿನ ವರ್ಷಗಳಲ್ಲಿ ಚಿನ್ನದ ಬೆಲೆ ಹಲವು ಪಟ್ಟು ಬೆಳೆಯಿತು. ಆ ಏರಿಕೆಯಲ್ಲಿ ಅಗೆದವರ ಬದುಕಿನ ಬೆಲೆ ಒಂದು ಗುಲಗಂಜಿಯಷ್ಟೂ ಏರಲಿಲ್ಲ. ಅವರ ಮಕ್ಕಳು ಇಂದು ನಸುಕಿನಲ್ಲೇ ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಚಿನ್ನದ ಮೌಲ್ಯವೂ ಅದನ್ನು ಅಗೆದವರ ಮೌಲ್ಯವೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಾಗೆಂದು ಚಿನ್ನದ ರೂಪಕವನ್ನು ಭಾಷೆಯಿಂದ ಕಿತ್ತುಹಾಕಬೇಕಿಲ್ಲ. ಮಗುವನ್ನು ಚಿನ್ನ ಎಂದು ಕರೆಯುವ ತಾಯಿ ತಪ್ಪು ಮಾಡುತ್ತಿಲ್ಲ. ಮಹಾಭಾರತದ ಮುಂಗುಸಿಯ ಅರ್ಧ ಮೈ ಚಿನ್ನವಾದದ್ದು ಹಸಿದ ಬಡ ಕುಟುಂಬ ಅತಿಥಿಗೆ ಬಡಿಸಿದ ಹಿಟ್ಟಿನ ಕಣಗಳಿಂದ. ಧರ್ಮರಾಯನ ಅಶ್ವಮೇಧದ ಅಂಗಳದಲ್ಲಿ ಎಷ್ಟು ಹೊರಳಾಡಿದರೂ ಉಳಿದರ್ಧ ಚಿನ್ನವಾಗಲಿಲ್ಲ. ಅಲ್ಲಿ ಬೆಲೆ ಹಿಟ್ಟಿನದು, ಚಿನ್ನ ಅದಕ್ಕೆ ಸಾಕ್ಷಿ ಹೇಳಲು ಬಂದದ್ದು. ರೂಪಕವನ್ನು ಆ ಸ್ಥಾನದಲ್ಲಿ ಇಟ್ಟರೆ ಸಾಕು. ಆಗ ನಮ್ಮ ಕರ್ತವ್ಯವೂ ಸ್ಪಷ್ಟವಾಗುತ್ತದೆ. ಸೈನೈಡ್ ಗುಡ್ಡಗಳಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿದೆ ಎಂಬ ಲೆಕ್ಕಕ್ಕೆ ಮೊದಲು, ಗಾಳಿ ಬೀಸಿದಾಗ ಆ ಗುಡ್ಡದ ಧೂಳು ಯಾರ ಅಡುಗೆಮನೆಗೆ, ಯಾವ ಮಗುವಿನ ಉಸಿರಿಗೆ ಇಳಿಯುತ್ತದೆ ಎಂಬ ಲೆಕ್ಕ ಆಗಬೇಕು. ಆ ಧೂಳು ಕಟ್ಟಿ ನಿಲ್ಲಿಸುವುದು, ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ನಾಡು ತೀರಿಸಬೇಕಾದ ಸಾಲ. ಚಿನ್ನ ಕಾಯದಿದ್ದರೂ ಕೆಡುವುದಿಲ್ಲ. ಮನುಷ್ಯ ಕೆಡುತ್ತಾನೆ, ಕಾಯಬೇಕಾದದ್ದು ಅವನನ್ನೇ.